ಒಂದು ಬರಿ, ಒಂದು ನೆತ್ತರು

ಠಾಣೆಯಿಂದ ಕಲ್ಯಾಣದ ತನಕ ಲೋಕಲ್ ಓಡಿಸುವವರು ರೈಲ್ವೆಯವರು. ಆದರೆ ಆ ಲೋಕಲ್‌ನಲ್ಲಿ ನೇತಾಡಿಕೊಂಡು ಹೋಗುವ ನಮ್ಮ ಕರಾವಳಿಯ ಹುಡುಗರು ಯಾರನ್ನು ಮದುವೆಯಾಗಬಹುದು, ಯಾರನ್ನು ಕಣ್ಣೆತ್ತಿಯೂ ನೋಡಬಾರದು ಎಂದು ತೀರ್ಪು ಕೊಡುತ್ತಿದ್ದವರು ಡೊಂಬಿವಲಿ ಪೂರ್ವದ ಕಿಟ್ಟಣ್ಣ. ಅವರ ಸಾಮ್ರಾಜ್ಯ ವಾಶಿಯನ್ನು ದಾಟಿ ಪನವೇಲಿನ ಗಡಿ ಮುಟ್ಟಿತ್ತು. ಸಿಂಹಾಸನದ ಸ್ಥಾನದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ. ಅದರ ಒಂದು ಕಾಲು ಬಿರುಕು ಬಿಟ್ಟಿದ್ದರಿಂದ ಚಕ್ರವರ್ತಿಗಳು ಸ್ವಲ್ಪ ಎಡಕ್ಕೆ ವಾಲಿಯೇ ರಾಜ್ಯಭಾರ ಮಾಡುತ್ತಿದ್ದರು.

ಈ ಪದವಿ ಅವರಿಗೆ ದೊರಕಿದ್ದು ತುರ್ಭೆಯಲ್ಲಿ. ಕಾರ್ಖಾನೆಗಳ ನಡುವಿನ ಒಂದು ಊಟದ ಹೋಟೆಲಿನ ಗಲ್ಲೆಯ ಮೇಲೆ ಅವರು ಅರ್ಧ ಆಯುಷ್ಯ ಕೂತರು. ಉಡುಪಿ, ಮಂಗಳೂರು ಕಡೆಯ ಮುಖ ಕಂಡರೆ ಸಾಕು, ಚಿಲ್ಲರೆ ಕೊಡುವ ಮೊದಲು ಪ್ರಶ್ನೆ ಬರುತ್ತಿತ್ತು: "ನಿಮ್ಮದು ಬರಿ ಯಾವುದು ಮಾರಾಯ್ರೆ?"

ಬರಿ ಎಂದರೆ ತುಳುವರಲ್ಲಿ ತಾಯಿಯಿಂದ ಬರುವ ಕುಲ. ಅಪ್ಪ ಯಾರೇ ಆಗಿರಲಿ, ಮಕ್ಕಳು ತಾಯಿಯ ಬರಿಯವರು. ಮಗಳು ಅದನ್ನು ತನ್ನ ಮಕ್ಕಳಿಗೆ ದಾಟಿಸುತ್ತಾಳೆ. ಮಗ ಅದನ್ನು ಹೊತ್ತುಕೊಂಡು ಬದುಕಿ, ಹೊತ್ತುಕೊಂಡೇ ಸಾಯುತ್ತಾನೆ. ಅವನ ಮಕ್ಕಳಿಗೆ ಅವರ ತಾಯಿಯದ್ದು ಸಿಗುತ್ತದೆ. ಹಿಂದೆ ಆಸ್ತಿಯೂ ಇದೇ ದಾರಿಯಲ್ಲಿ, ಮಾವನಿಂದ ಸೋದರಳಿಯನಿಗೆ ಹೋಗುತ್ತಿತ್ತು. ಅದಕ್ಕೆ ಅಳಿಯಸಂತಾನ ಎಂದು ಹೆಸರು. ಕಾನೂನು ಬಂದು ಆಸ್ತಿಯ ದಾರಿ ತಿರುಗಿತು, ಬರಿ ಮಾತ್ರ ಹಳೆಯ ದಾರಿಯನ್ನು ಬಿಡಲಿಲ್ಲ. ಒಂದೇ ಬರಿಯ ಗಂಡು ಹೆಣ್ಣು ಅಣ್ಣ ತಂಗಿಯರ ಲೆಕ್ಕ. ಅವರೊಳಗೆ ಮದುವೆ ಕೂಡದು.

ಕಿಟ್ಟಣ್ಣನ ವಿಚಾರಣೆಯಲ್ಲಿ ಮೂರೇ ಪ್ರಶ್ನೆ. ಹುಡುಗನ ಬರಿ ಯಾವುದು, ಹುಡುಗಿಯದು ಯಾವುದು, ಇಬ್ಬರ ತಾಯಿಮನೆ ಎಲ್ಲಿ. ಉತ್ತರ ಕೇಳಿ ಕಣ್ಣು ಮುಚ್ಚಿ, ಕಿವಿಯ ಹಿಂದೆ ಒಮ್ಮೆ ಕೆರೆದುಕೊಂಡು, ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಬಿಡುತ್ತಿದ್ದರು. ಆಗದಿದ್ದರೆ ಎಂತಹ ಪ್ರೇಮಕ್ಕೂ ಕ್ಷಮೆ ಇಲ್ಲ. "ಒಂದು ಬರಿ, ಒಂದು ನೆತ್ತರು!" ಎಂದು ಅವರು ಗುಡುಗಿದರೆ ಐರೋಲಿಯ ಪ್ರೇಮಿ ಮತ್ತು ಉಲ್ಲಾಸನಗರದ ಪ್ರೇಯಸಿ ಅಳುತ್ತಾ ಬೇರೆ ಬೇರೆ ಪ್ಲಾಟ್‌ಫಾರ್ಮಿಗೆ ನಡೆಯಬೇಕಿತ್ತು.

ಕಾಯಿಲೆಯ ವಿಷಯ ಅವರು ಯಾರಲ್ಲಿಯೂ ಕೇಳಿದವರಲ್ಲ. "ಮದುವೆಯ ಮಾತಲ್ಲಿ ಆಸ್ಪತ್ರೆಯ ಮಾತು ಎಂತಕ್ಕೆ?" ಎನ್ನುತ್ತಿದ್ದರು.

ಅವರ ಸ್ವಂತ ಮನೆಯಲ್ಲೂ ಆ ಮಾತು ಇರಲಿಲ್ಲ. ಹೆಂಡತಿ ನಳಿನಾಕ್ಷಿಗೆ ಗುಣಪಾಲ ಎಂಬ ತಮ್ಮನಿದ್ದ. ನಗುಮುಖದ ಹುಡುಗ, ಅದೇ ತುರ್ಭೆಯ ಹೋಟೆಲಿನಲ್ಲಿ ಕೆಲಸ. ಎಲ್ಲಿ ತಾಗಿದರೂ ನೇರಳೆ ಬಣ್ಣ ಬರುತ್ತಿತ್ತು, ಬಲ ಮೊಣಕಾಲು ತಿಂಗಳಿಗೊಮ್ಮೆ ಊದುತ್ತಿತ್ತು. ಹೋಟೆಲಿನವರಿಗೆ ಅದು ತಮಾಷೆ. ಬಸುರಿ ಮೊಣಕಾಲು ಎಂದು ಅದಕ್ಕೆ ಹೆಸರಿಟ್ಟಿದ್ದರು. ಅವನ ಮದುವೆಯ ಮಾತು ನಡೆಯುತ್ತಿದ್ದ ವರ್ಷ ಕಲ್ಯಾಣದಲ್ಲಿ ಒಂದು ದವಡೆ ಹಲ್ಲು ಕೀಳಿಸಿಕೊಂಡ. ನೆತ್ತರು ನಿಲ್ಲಲಿಲ್ಲ. ಹಲ್ಲಿನ ಜಾಗದಿಂದ ಒಬ್ಬ ಇಡೀ ಮನುಷ್ಯ ಸೋರಿಹೋದ.

ಮೊದಲು ಹಲ್ಲಿನ ಡಾಕ್ಟರನ್ನು ಬೈದದ್ದಾಯಿತು, ಬಳಿಕ ಊರಿನ ನಾಗನ ಮೇಲೆ ಹೊರಿಸಿದ್ದಾಯಿತು. ಕಿಟ್ಟಣ್ಣನೇ ಊರಿಗೆ ಹೋಗಿ ನಾಗನಿಗೆ ತಂಬಿಲದ ಪೂಜೆ ಮಾಡಿಸಿ, ಹಾಲೆರೆದು ಬಂದರು. ಗುಣಪಾಲನಿಗೆ ಮಕ್ಕಳಿಲ್ಲ, ಹಾಗಾಗಿ ದೋಷ ಅವನೊಂದಿಗೇ ಮುಗಿಯಿತು ಎಂದು ತೀರ್ಪಾಯಿತು. ಗಂಡಸು ಬರಿಯನ್ನು ದಾಟಿಸುವುದಿಲ್ಲ, ಹೆಂಗಸು ದಾಟಿಸುತ್ತಾಳೆ ಎಂದು ಊರಿಗೆಲ್ಲ ಪಾಠ ಹೇಳುವ ಮನುಷ್ಯನಿಗೆ ಸತ್ತವನ ಅಕ್ಕ ತನ್ನ ಅಡುಗೆಮನೆಯಲ್ಲೇ ಇದ್ದಾಳೆಂಬುದು ಹೊಳೆಯಲಿಲ್ಲ.

ನಳಿನಾಕ್ಷಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಪ್ರಣೀತಾ, ಗಂಡ ಶೈಲೇಶನೊಂದಿಗೆ ಘಣಸೋಲಿಯಲ್ಲಿ ಸಂಸಾರ. ಅವರ ಮಗ ಸಮಿತ್ ಅಂಬೆಗಾಲಿಡಲು ಶುರುಮಾಡಿದಾಗ ಮೊಣಕಾಲಿನಲ್ಲಿ ನೇರಳೆ ಕಲೆ, ಎತ್ತಿಕೊಂಡರೆ ಕಂಕುಳಲ್ಲಿ ಬೆರಳಿನ ಗುರುತು. ಮಗುವಿಗೆ ಹೊಡೆಯುತ್ತಾರೆಂದು ಪಕ್ಕದ ಮನೆಯವರು ಪಿಸುಗುಟ್ಟಿದರು. ಒಂದು ದಿನ ತುಟಿ ಕಚ್ಚಿಕೊಂಡದ್ದೇ ನೆಪ, ದಿನವಿಡೀ ಬಟ್ಟೆ ಒದ್ದೆಯಾಯಿತು. ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಠಾಣೆಯ ಆಸ್ಪತ್ರೆಗೆ ಓಡಿದರು. ಅಲ್ಲಿ ಡಾಕ್ಟರ್ ಜ್ಯೋತ್ಸ್ನಾ ರಕ್ತ ಪರೀಕ್ಷೆ ಮಾಡಿಸಿ, ಹೀಮೊಫಿಲಿಯಾ ಎಂದರು. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ವಸ್ತು ಈ ಮಗುವಿನ ಮೈಯಲ್ಲಿ ತಯಾರಾಗುವುದಿಲ್ಲ ಎಂದರು.

ಹೇಗೆ ಬಂತು ಎಂದು ಶೈಲೇಶ ಕೇಳಿದ. ಡಾಕ್ಟರು ಒಂದು ಚೀಟಿಯ ಹಿಂದೆ ಹೆಂಗಸಿಗೆ ದುಂಡು, ಗಂಡಸಿಗೆ ಚೌಕ ಬರೆದು ಹಿಂದಿಯಲ್ಲಿ ವಿವರಿಸಿದರು. ಆ ವಸ್ತುವನ್ನು ತಯಾರಿಸುವ ಅಪ್ಪಣೆ ಇರುವುದು ಎಕ್ಸ್ ಎಂಬ ಎಳೆಯಲ್ಲಿ. ಹೆಂಗಸಿಗೆ ಎಕ್ಸ್ ಎರಡು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಅವಳಿಗೆ ಹೆಚ್ಚಾಗಿ ಗೊತ್ತೇ ಆಗುವುದಿಲ್ಲ. ಗಂಡಸಿಗೆ ಒಂದೇ ಎಕ್ಸ್, ಅದೂ ತಾಯಿ ಕೊಟ್ಟದ್ದು. ಅಪ್ಪ ಕೊಡುವುದು ವೈ ಎಂಬ ಇನ್ನೊಂದು ಎಳೆ, ಅದರಲ್ಲಿ ಈ ಅಪ್ಪಣೆಯೇ ಇಲ್ಲ. ತಾಯಿ ತನ್ನ ಎರಡರಲ್ಲಿ ಕೆಟ್ಟದ್ದನ್ನು ಕೊಟ್ಟರೆ ಮಗನಿಗೆ ಬದಲಿ ಇಲ್ಲ. ಮಗಳಿಗೆ ಕೊಟ್ಟರೆ ಅವಳೂ ತಾಯಿಯ ಹಾಗೆ ಸುಮ್ಮನೆ ಹೊತ್ತು ನಡೆಯುತ್ತಾಳೆ.

"ಪ್ರತಿ ಮಗುವಿಗೂ ಹೊಸ ಟಾಸ್," ಎಂದರು ಡಾಕ್ಟರು. "ಹಿಂದಿನ ಸಲ ಏನು ಬಿತ್ತು ಎಂದು ನಾಣ್ಯಕ್ಕೆ ನೆನಪಿರುವುದಿಲ್ಲ."

ಕಿಟ್ಟಣ್ಣನ ಮುಖ ಪರದೇಶದಲ್ಲಿ ಊರಿನವನು ಸಿಕ್ಕಿದಂತೆ ಅರಳಿತು. ತಾಯಿ ದಾಟಿಸುತ್ತಾಳೆ, ಮಗಳು ಹೊರುತ್ತಾಳೆ, ಮಗನಲ್ಲಿ ಕಾಣಿಸುತ್ತದೆ! "ಇದು ನಮ್ಮ ಅಳಿಯಸಂತಾನ ಅಲ್ವಾ!" ಎಂದು ಕನ್ನಡದಲ್ಲೇ ಉದ್ಗರಿಸಿದರು.

"ಕ್ಯಾ?" ಎಂದರು ಡಾಕ್ಟರು.

"ಕುಛ್ ನಹೀ ಮೇಡಮ್."

"ತಾಯಿಯ ಕಡೆ ಯಾರಿಗಾದರೂ ಹೀಗೆ ಇತ್ತಾ? ಅವಳ ಮಾಮಾ, ಅಜ್ಜಿಯ ಅಣ್ಣ ತಮ್ಮ?"

ಅರಳಿದ ಮುಖ ಅಲ್ಲೇ ಮುಚ್ಚಿಕೊಂಡಿತು. ನಳಿನಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ಕೋಯಿ ನಹೀ," ಎಂದರು ಕಿಟ್ಟಣ್ಣ. "ಹಮಾರೇ ಮೇ ಸಬ್ ಫಸ್ಟ್ ಕ್ಲಾಸ್."

ಡಾಕ್ಟರು ಎರಡು ಮಾತು ಹೇಳಿ ಕಳಿಸಿದರು. ಒಂದು, ಚಿಕ್ಕ ಮಗಳಿದ್ದರೆ ಮದುವೆಗೆ ಮೊದಲು ಅವಳ ಪರೀಕ್ಷೆ ಮಾಡಿಸಿ. ಇನ್ನೊಂದು, ಮಗುವಿನ ತಲೆಗೆ ಪೆಟ್ಟು ಬಿದ್ದರೆ ಕಾಯಬೇಡಿ. ಅಳುತ್ತಿರಲಿ, ನಗುತ್ತಿರಲಿ, ಮೊದಲು ನೆತ್ತರು ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಇಂಜೆಕ್ಷನ್, ಆಮೇಲೆ ಉಳಿದದ್ದು.

ಚಿಕ್ಕ ಮಗಳು ಅನುಷ್ಕಾ. ಸುಳ್ಳಿನ ಕಾರಣವೂ ಅವಳೇ. ಸೀವುಡ್ಸ್‌ನ ಮನೀಷ್ ಎಂಬ ಹುಡುಗನೊಂದಿಗೆ ಅವಳ ಮದುವೆ ನಿಶ್ಚಯವಾಗಿತ್ತು. ಮನೀಷನ ತಾಯಿ ಸುಲೋಚನಾ ಟೊಮೆಟೊ ಕೊಂಡರೂ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವ ಹೆಂಗಸು. ಸಂಬಂಧ ನೋಡಿದ್ದು ಸ್ವತಃ ಕಿಟ್ಟಣ್ಣ, ಬರಿ ತಾಳೆ ಹಾಕಿದ್ದೂ ಅವರೇ. ಚಕ್ರವರ್ತಿಯ ಸ್ವಂತ ಮನೆಯ ಸಂಬಂಧ ಮುರಿದರೆ ಸಾಮ್ರಾಜ್ಯ ಉಳಿಯುತ್ತದೆಯೇ?

"ಗುಣಪಾಲನ ಹೆಸರು ಯಾಕೆ ಹೇಳ್ಲಿಲ್ಲ ನೀವು?" ಮನೆಗೆ ಬಂದ ಮೇಲೆ ನಳಿನಾಕ್ಷಿ ಕೇಳಿದರು.

"ಅವನದ್ದು ಹಲ್ಲು."

"ಹಲ್ಲಿಂದ ಸಾಯ್ತಾರಾ?"

"ನೀನು ಸುಮ್ಮನಿರು ಮಾರಾಯ್ತಿ. ಅನುಷ್ಕಾಂದು ಒಂದು ಮುಗೀಲಿ."

ಅನುಷ್ಕಾ ಒಳಗಿನಿಂದ ಬಂದಳು. ಇಲ್ಲೇ ಹುಟ್ಟಿ ಬೆಳೆದವಳು, ಅಪ್ಪ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. "ಮೈ ಟೆಸ್ಟ್ ಕರ್ವಾತೀ ಹೂಂ ನಾ ಪಪ್ಪಾ. ಸಿಂಪಲ್."

"ಬೇಡ. ಟೆಸ್ಟ್ ಮಾಡಿಸಿ ಉಂಟು ಅಂತ ಬಂದ್ರೆ ಅವರಿಗೆ ಹೇಳ್ಬೇಕಾಗ್ತದೆ. ಮಾಡಿಸದಿದ್ರೆ ನಮಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಳದಿದ್ರೆ ಅದು ಸುಳ್ಳಾಗ್ತದಾ?"

ಇಂತಹ ವಾದವನ್ನು ಮಂಡಿಸಿದವನು ಹೈಕೋರ್ಟಿನಲ್ಲಿ ಇರಬೇಕಿತ್ತು, ಗಲ್ಲೆಯಲ್ಲಿ ಕೊಳೆತದ್ದು ದೇಶಕ್ಕೆ ನಷ್ಟ.

ಆದರೂ ಡಾಕ್ಟರ ದುಂಡು ಚೌಕಗಳು ಅವರನ್ನು ಬಿಡಲಿಲ್ಲ. ನೀಲಿ ಕುರ್ಚಿಯಲ್ಲಿ ವಾಲಿಕೊಂಡು ಯೋಚಿಸಿದರು. ಯೋಚಿಸಿ ಯೋಚಿಸಿ, ಜಗತ್ತಿನ ಯಾವ ವಿಜ್ಞಾನಿಗೂ ಹೊಳೆಯದ ಒಂದು ಚಿಕಿತ್ಸೆಯನ್ನು ಕಂಡುಹಿಡಿದರು. ರೋಗ ಬರಿಯ ದಾರಿಯಲ್ಲಿ ಹೋಗುತ್ತದೆ ಎಂದು ಡಾಕ್ಟರೇ ಒಪ್ಪಿದ ಹಾಗಾಯಿತು. ಸರಿ, ಅನುಷ್ಕಾಳ ಬರಿಯನ್ನೇ ಬದಲಿಸಿದರೆ?

ಬರಿ ಬದಲಿಸುವುದು ಅವರಿಗೆ ಹೊಸತಲ್ಲ. ಪರಜಾತಿಯ ಹುಡುಗಿಯನ್ನು ನಮ್ಮ ಹುಡುಗ ತಂದರೆ ಅವಳಿಗೆ ಬರಿ ಇರುವುದಿಲ್ಲ, ಬರಿ ಇಲ್ಲದೆ ಮಕ್ಕಳಿಗೆ ನೆಲೆ ಇಲ್ಲ. ಆಗ ಬೇರೆ ಬರಿಯ ದಂಪತಿ ಅವಳನ್ನು ಮಗಳೆಂದು ಮಡಿಲಿಗೆ ತೆಗೆದುಕೊಂಡು, ಕೈಗೆ ನೀರೆರೆಸಿಕೊಂಡು, ಹೆಂಡತಿಯ ಬರಿಯನ್ನು ಅವಳಿಗೆ ಕೊಡುತ್ತಾರೆ. ಕಲ್ಯಾಣದ ಎಷ್ಟೋ ಮರಾಠಿ ಹುಡುಗಿಯರನ್ನು ಕಿಟ್ಟಣ್ಣ ಹೀಗೆ ತುಳುವರನ್ನಾಗಿ ಮಾಡಿದ್ದರು. ಸ್ವಂತ ಮಗಳಿಗೆ ಮಾಡಿದರೆ ತಪ್ಪೇನು? ರೋಗ ಹಳೆಯ ವಿಳಾಸಕ್ಕೆ ಬಂದು ಬಾಗಿಲು ತಟ್ಟಿ ವಾಪಸು ಹೋಗಲಿ!

"ಪಪ್ಪಾ," ಎಂದಳು ಅನುಷ್ಕಾ, "ಜೀನ್ ಕೋ ಕೈಸೇ ಪತಾ ಚಲೇಗಾ ಆಪ್ನೇ ಪಾನೀ ಡಾಲಾ?" ಅಪ್ಪ ನೀರೆರೆದದ್ದು ಜೀನಿಗೆ ಹೇಗೆ ಗೊತ್ತಾಗಬೇಕು ಎಂಬುದು ಅವಳ ಪ್ರಶ್ನೆ.

"ನಿನಗೆ ಬರಿ ಅಂದ್ರೆ ಏನು ಗೊತ್ತುಂಟು?"

"ಆಪ್ಕೋ ಜೀನ್ ಮಾಲೂಮ್ ಹೈ?"

"ಎದುರು ಮಾತಾಡ್ಬೇಡ. ಒಂದು ಗಂಟೆಯ ಕೆಲಸ. ಮತ್ತೆ ಊಟ."

ಕಲ್ಯಾಣದ ಮಾನಪ್ಪ ಮತ್ತು ಅವರ ಹೆಂಡತಿ ಮಡಿಲು ಕೊಡಲು ಒಪ್ಪಿದರು. ಸೀವುಡ್ಸ್‌ನವರಿಗೆ ನಾಗದೋಷದ ಪರಿಹಾರ ಎಂದು ಹೇಳಿದ್ದಾಯಿತು. ಸುಲೋಚನಾ ಮೆಚ್ಚಿ, ಮಗನನ್ನು ಕರೆದುಕೊಂಡು ತಾವೂ ಬರುತ್ತೇವೆ ಎಂದರು. ಪ್ರಣೀತಾ ಮಾತ್ರ ಫೋನಿನಲ್ಲಿ, "ಆ ತಮಾಷೆಗೆ ನಾನಿಲ್ಲ," ಎಂದಳು. ಅವಳಿಗೆ ಶಾಪಿಂಗ್ ಮಾಲಿನ ಅಂಗಡಿಯಲ್ಲಿ ಭಾನುವಾರವೇ ಹೆಚ್ಚು ಕೆಲಸ, ಶೈಲೇಶನಿಗೆ ಕಾರ್ಖಾನೆಯಲ್ಲಿ ಪಾಳಿ. ಪ್ರತಿ ಭಾನುವಾರದಂತೆ ಸಮಿತನನ್ನು ಅಜ್ಜಿಯ ಬಳಿ ಬಿಟ್ಟು ಹೋದರು.

ಸಮಿತ್ ಈಗ ಓಡುವ ಮಗು. ಅವನಿಗೆಂದು ನಳಿನಾಕ್ಷಿ ಹಳೆ ಸ್ವೆಟರು ಕತ್ತರಿಸಿ, ಹತ್ತಿ ತುಂಬಿ, ಒಂದು ದಪ್ಪ ಟೋಪಿ ಮತ್ತು ಮೊಣಕಾಲಿಗೆ ಮೆತ್ತೆ ಹೊಲಿದಿದ್ದರು. ಅದನ್ನು ಹಾಕಿಕೊಂಡು ಅವನು ಮನೆಯಲ್ಲಿ ತಿರುಗಾಡಿದರೆ ಯುದ್ಧಕ್ಕೆ ಹೊರಟ ಪುಟ್ಟ ಸೇನಾಪತಿಯ ಹಾಗೆ ಕಾಣುತ್ತಿದ್ದ.

ಅತಿಥಿಗಳು ಬರುವ ಮೊದಲು ಕಿಟ್ಟಣ್ಣ ಅವನ ಟೋಪಿಯ ದಾರ ಬಿಚ್ಚಿದರು.

"ಎಂತ ಮಾಡ್ತೀರಿ?" ನಳಿನಾಕ್ಷಿ ಓಡಿ ಬಂದರು.

"ಇದೆಂತ, ಅಂತ ಅವರು ಕೇಳಿದ್ರೆ?"

"ಕೇಳ್ಲಿ! ಚಳಿಗೆ ಅಂತ ಹೇಳುವ."

"ಮೇ ತಿಂಗಳಲ್ಲಿ ಚಳಿಯಾ? ನೀನು ಎತ್ತಿಕೊಂಡೇ ಇರು. ಎರಡು ಗಂಟೆ ಅಷ್ಟೆ."

ಟೋಪಿಯೂ ಮೆತ್ತೆಯೂ ಕಪಾಟಿನೊಳಗೆ ಹೋದವು.

ಕಾರ್ಯಕ್ರಮ ಭರ್ಜರಿಯಾಗಿ ನಡೆಯಿತು. ಮನೆಯ ಹಾಲ್‌ನ ನಡುವೆ ಮಣೆ, ದೀಪ, ಬಾಳೆಲೆ. ಮಾನಪ್ಪನವರ ಹೆಂಡತಿಯ ಮಡಿಲಿನಲ್ಲಿ ಅನುಷ್ಕಾ, ಒಂದು ದೊಡ್ಡ ಪಾರ್ಸೆಲಿನ ಹಾಗೆ ಕೂತಿದ್ದಳು. ಕಿಟ್ಟಣ್ಣ ತಾಮ್ರದ ಚೆಂಬಿನಿಂದ ಮಾನಪ್ಪನ ಕೈಗೆ ನೀರೆರೆದು, ಇವತ್ತಿನಿಂದ ಈ ಹೆಣ್ಣು ನಿಮ್ಮ ಹೆಂಡತಿಯ ಬರಿಯವಳು ಎಂದು ಘೋಷಿಸಿದರು. ನೀರು ತಟ್ಟೆಗೆ ಬಿತ್ತು, ತಟ್ಟೆಯಿಂದ ಚಿಮ್ಮಿ ನುಣುಪು ಟೈಲ್ಸಿನ ಮೇಲೆ ಹರಿಯಿತು. ಅನುಷ್ಕಾಳನ್ನು ಹೊಸ ತಾಯಿ ಕೊಟ್ಟ ಸೀರೆ ಉಡಲು ಒಳಗೆ ಕಳಿಸಿದರು. ನಳಿನಾಕ್ಷಿ ಎಲೆಗೆ ಉಪ್ಪಿನಕಾಯಿ ಬಡಿಸಲೆಂದು ಮಗುವನ್ನು ಕೆಳಗಿಳಿಸಿದರು, ಒಂದು ಕ್ಷಣ.

ಸಮಿತ್ ದೀಪದ ಕಡೆಗೆ ಓಡಿದ. ಕಾಲು ಜಾರಿತು. ತಲೆಯ ಹಿಂಭಾಗ ನೆಲಕ್ಕೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತು.

"ಅಯ್ಯೋ ಮಗು!" ಸುಲೋಚನಾ ಎದ್ದರು.

ಕಿಟ್ಟಣ್ಣ ನಕ್ಕರು. "ಏನಿಲ್ಲ ಅಕ್ಕ, ಗಂಡು ಮಗು. ಬೀಳ್ತಾನೆ, ಏಳ್ತಾನೆ. ನೀವು ಕೂತ್ಕೊಳ್ಳಿ, ಎಲೆ ಹಾಕಿಯಾಯ್ತು."

ನಳಿನಾಕ್ಷಿ ಮಗುವನ್ನು ಬಾಚಿಕೊಂಡು ಅಡುಗೆಮನೆಗೆ ಬಂದರು. ಹಿಂದೆಯೇ ಗಂಡ.

"ಹೊರಡುವ. ಈಗಲೇ."

"ಈಗ ಹೊರಟ್ರೆ ಎಂತ ಹೇಳುದು ಅವರಿಗೆ? ಮಗು ಜಾರಿ ಬಿದ್ದದ್ದಕ್ಕೆ ಠಾಣೆಗೆ ಯಾರಾದ್ರೂ ಓಡ್ತಾರಾ? ಪಾಯಸ ಆಗ್ಲಿ, ಅವರು ಹೋಗ್ಲಿ."

"ಡಾಕ್ಟರು ಕಾಯ್ಬೇಡಿ ಅಂತ ಹೇಳಿದ್ದು."

"ನೋಡು, ಅಳು ನಿಂತಿತು."

ಅಳು ನಿಂತದ್ದು ಹೌದು. ತಲೆಯ ಹಿಂದೆ ಒಂದು ಸಣ್ಣ ಉಬ್ಬು, ಗುಲಗಂಜಿಯಷ್ಟೂ ನೆತ್ತರಿಲ್ಲ. ನಳಿನಾಕ್ಷಿ ಬಟ್ಟೆಯಲ್ಲಿ ಐಸ್ ಕಟ್ಟಿ ಅದರ ಮೇಲೆ ಹಿಡಿದು ಹಾಲ್‌ನ ಮೂಲೆಯಲ್ಲಿ ಬಂದು ಕೂತರು. ಬರಿ ಅವರದು, ಸತ್ತ ತಮ್ಮ ಅವರವನು, ಮೊಮ್ಮಗ ಅವರವನು. ಮನೆಯಲ್ಲಿ ಮಾತು ಮಾತ್ರ ಬೇರೆ ಬರಿಯ ಗಂಡಸಿನದು.

ಊಟ ನಿಧಾನವಾಗಿ ಸಾಗಿತು. ಸುಲೋಚನಾ ಹೆಸರುಬೇಳೆ ಪಾಯಸವನ್ನು ಹೊಗಳಿದರು, ಕಿಟ್ಟಣ್ಣ ಇನ್ನೊಂದು ಸೌಟು ಹಾಕಿಸಿದರು. ಮನೀಷ್ ಮಗುವಿನ ಮುಂದೆ ಚಪ್ಪಾಳೆ ತಟ್ಟಿದ. ಮಗು ಒಮ್ಮೆ ನೋಡಿ ಕಣ್ಣು ಮುಚ್ಚಿತು. ಹೊಸ ಸೀರೆಯಲ್ಲಿ ಹೊರಬಂದ ಅನುಷ್ಕಾ, ಇವನಿಗೇನಾಯಿತು ಎಂದು ಸನ್ನೆಯಲ್ಲಿ ಕೇಳಿದಳು. ನಿದ್ದೆ ಎಂದು ಅಪ್ಪ ಸನ್ನೆಯಲ್ಲೇ ಉತ್ತರ ಕೊಟ್ಟರು.

"ಎಷ್ಟು ಸಾಧು ಮಗು," ಎಂದರು ಸುಲೋಚನಾ ಎಲೆ ಅಡಿಕೆ ತೆಗೆದುಕೊಳ್ಳುತ್ತಾ. "ಇಷ್ಟು ಗಲಾಟೆಯಲ್ಲಿಯೂ ಹೇಗೆ ಮಲಗಿದೆ ನೋಡಿ."

ಅವರು ಲಿಫ್ಟಿಗೆ ಹೋದ ಮೇಲೆ ಮಗುವನ್ನು ಎಬ್ಬಿಸಲು ನೋಡಿದರು. ಎಚ್ಚರವಾಗಲಿಲ್ಲ. ವಾಂತಿಯಾಯಿತು. ಅನುಷ್ಕಾ ರೇಷ್ಮೆ ಸೀರೆಯಲ್ಲೇ ಅವನನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಆ ಇಂಜೆಕ್ಷನ್ ಇರಲಿಲ್ಲ. ಆಂಬುಲೆನ್ಸ್ ಸಿಕ್ಕಿ ಹೊರಟರೆ ಶಿಳಫಾಟಾದಲ್ಲಿ ಲಾರಿಗಳು ಒಂದರ ಹಿಂದೆ ಒಂದು ನಿಂತಿದ್ದವು. ಸೈರನ್ ಕೂಗುತ್ತಲೇ ಇತ್ತು. ಯಾರಿಗೂ ಸರಿಯಲು ಜಾಗವಿರಲಿಲ್ಲ.

ಠಾಣೆಯಲ್ಲಿ ಡಾಕ್ಟರ್ ಜ್ಯೋತ್ಸ್ನಾ ಸೂಜಿ ಚುಚ್ಚುತ್ತಲೇ ಕೇಳಿದರು, "ಬಿದ್ದದ್ದು ಯಾವಾಗ?"

"ಅಭೀ ಅಭೀ," ಎಂದರು ಕಿಟ್ಟಣ್ಣ.

"ಊಟಕ್ಕೆ ಮೊದಲು," ಎಂದರು ನಳಿನಾಕ್ಷಿ. "ಖಾನೇ ಕೇ ಪಹಲೇ."

ಮಾಲಿನಿಂದ ನೇರ ಓಡಿ ಬಂದ ಪ್ರಣೀತಾ ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಮುಖವನ್ನು, ಮತ್ತೆ ಅಮ್ಮನ ಮುಖವನ್ನು ನೋಡಿದಳು. ಮಗುವಿನ ಬರಿದಾದ ತಲೆಯನ್ನು ನೋಡಿ, "ಟೋಪಿ ಎಲ್ಲಿ?" ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ಸಮಿತ್ ತೀರಿಕೊಂಡ. ಹೊರಗೆ ಒಂದು ಹನಿಯೂ ಚೆಲ್ಲಲಿಲ್ಲ. ಎಲ್ಲವೂ ತಲೆಯೊಳಗೇ ನಡೆದಿತ್ತು.

ಘಣಸೋಲಿಯ ಮನೆಗೆ ಜನ ಬಂದರು. ಕಿಟ್ಟಣ್ಣ ಬಾಗಿಲ ಬಳಿ ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: ಜಾರಿ ಬಿದ್ದ. ಗುಣಪಾಲನಿಗೆ ಹಲ್ಲಿನ ನೆಪ ಸಾಕಾದ ಹಾಗೆ ಇವನಿಗೆ ಟೈಲ್ಸಿನ ನೆಪ ಸಾಕಾಯಿತು. ಸುಲೋಚನಾ ಬಂದು ಕೂತರು, ಕಣ್ಣೊರೆಸಿಕೊಂಡರು, ಬಳಿಕ ಟೊಮೆಟೊದ ಹಾಗೆ ಆ ಮಾತನ್ನೂ ಬೆಳಕಿಗೆ ಹಿಡಿದರು.

"ನಮ್ಮೆದುರೇ ಅಲ್ವಾ ಬಿದ್ದದ್ದು. ಅಷ್ಟಕ್ಕೆ ಮಗು ಹೋಗ್ತದಾ ಕಿಟ್ಟಣ್ಣ?"

ಕಿಟ್ಟಣ್ಣ ಬಾಯಿ ತೆರೆಯುವ ಮೊದಲೇ ಒಳಗಿನಿಂದ ನಳಿನಾಕ್ಷಿಯ ದನಿ ಬಂತು.

"ನಮ್ಮ ಬರಿಯಲ್ಲಿ ಹೋಗ್ತದೆ ಅಕ್ಕ. ನನ್ನ ತಮ್ಮನೂ ಹೀಗೇ ಹೋದದ್ದು. ನೆತ್ತರು ನಿಲ್ಲುವುದಿಲ್ಲ. ನಾನು ಕೊಟ್ಟದ್ದು ಪ್ರಣೀತಾಗೆ, ಪ್ರಣೀತಾ ಕೊಟ್ಟದ್ದು ಮಗುವಿಗೆ. ಅನುಷ್ಕಾಗೆ ಕೊಟ್ಟಿದ್ದೇನಾ ಇಲ್ವಾ, ಗೊತ್ತಿಲ್ಲ. ಇವರು ನೋಡ್ಲಿಕ್ಕೆ ಬಿಡ್ಲಿಲ್ಲ."

ಸುಲೋಚನಾ ಚಹಾ ಮುಗಿಸಿದರು. ಸಭ್ಯ ಹೆಂಗಸು, ಅರ್ಧ ಬಿಟ್ಟು ಏಳಲಿಲ್ಲ.

ಅನುಷ್ಕಾ ಯಾರನ್ನೂ ಕೇಳದೆ ಪರೀಕ್ಷೆ ಮಾಡಿಸಿಕೊಂಡಳು. ಅವಳ ಪಾಲಿನ ನಾಣ್ಯ ಬೇರೆ ಮುಖಕ್ಕೆ ಬಿದ್ದಿತ್ತು. ಅವಳಲ್ಲಿ ಆ ಕೆಟ್ಟ ಎಳೆ ಇರಲಿಲ್ಲ. ಮಡಿಲಿಗೂ ನೀರಿಗೂ ಅದರಲ್ಲಿ ಯಾವ ಪಾತ್ರವೂ ಇರಲಿಲ್ಲ. ಅವಳು ಹುಟ್ಟುವ ಮೊದಲೇ ತೀರ್ಮಾನವಾಗಿದ್ದ ಸಂಗತಿ ಅದು. ಮೊದಲೇ ಪರೀಕ್ಷೆ ಮಾಡಿಸಿದ್ದರೆ ಮುಚ್ಚಿಡಲು ಏನೂ ಇರುತ್ತಿರಲಿಲ್ಲ. ಮಣೆಯೂ ಬೇಡ, ಪಾಯಸವೂ ಬೇಡ, ಟೋಪಿ ತಲೆಯ ಮೇಲೆಯೇ ಇರುತ್ತಿತ್ತು.

ಕಿಟ್ಟಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೀವುಡ್ಸ್‌ಗೆ ಹೋದರು. ರಿಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು ಸುಲೋಚನಾರ ಮುಂದಿಟ್ಟರು.

"ಅನುಷ್ಕಾದಲ್ಲಿ ಇಲ್ಲ ಅಕ್ಕ. ಡಾಕ್ಟರು ಬರೆದು ಕೊಟ್ಟಿದ್ದಾರೆ. ಅಕ್ಕನಿಗೆ ಬಂದದ್ದು ತಂಗಿಗೆ ಬರ್ಬೇಕು ಅಂತ ಇಲ್ಲ. ಪ್ರತಿ ಮಗುವಿಗೂ ಬೇರೆ ಟಾಸ್ ಅಂತೆ."

ಸುಲೋಚನಾ ರಿಪೋರ್ಟನ್ನು ಮುಟ್ಟಲಿಲ್ಲ. "ಕಿಟ್ಟಣ್ಣ, ನನ್ನ ದೊಡ್ಡ ಮಗಳಿಗೆ ನೆರೂಲಿನ ಒಳ್ಳೆಯ ಸಂಬಂಧ ಬಂದಾಗ ಬೇಡ ಅಂದವರು ಯಾರು? ನೀವು. ಏಳು ತಲೆಮಾರಿನಿಂದ ಸಂಬಂಧ ಇಲ್ಲ, ಊರು ಬೇರೆ ಅಂತ ನಾನು ಎಷ್ಟು ಬೇಡಿಕೊಂಡೆ. ನೀವು ಎಂತ ಹೇಳಿದ್ರಿ?"

ಕಿಟ್ಟಣ್ಣ ರಿಪೋರ್ಟನ್ನು ಅವರ ಕಡೆಗೆ ಇನ್ನಷ್ಟು ಸರಿಸಿದರು.

"ಒಂದು ಬರಿ, ಒಂದು ನೆತ್ತರು ಅಂದ್ರಿ. ಅಕ್ಕನದ್ದೂ ತಂಗಿಯದ್ದೂ ಒಂದೇ ಬರಿ ಅಲ್ವಾ?"

"ಅನುಷ್ಕಾಂದು ಈಗ ಮಾನಪ್ಪನ..." ಎಂದು ಶುರುಮಾಡಿದ ಕಿಟ್ಟಣ್ಣ, ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ತಾವೇ ಕೇಳಿಸಿಕೊಂಡವರ ಹಾಗೆ ನಿಲ್ಲಿಸಿದರು.

"ಲ್ಯಾಬಿನವರು ಇವತ್ತು ಬಂದವರು," ಎಂದರು ಸುಲೋಚನಾ. "ನಾವು ಮೂವತ್ತು ವರ್ಷದಿಂದ ನಿಮ್ಮ ಮಾತು ನಂಬಿದವರು."

ಹಿಂದಿರುಗುವಾಗ ಠಾಣೆ ಲೋಕಲ್‌ನಲ್ಲಿ ಕಿಟಕಿಯ ಬಳಿ ಜಾಗ ಸಿಕ್ಕಿತು. ಅನುಷ್ಕಾಗೆ ಫೋನ್ ಮಾಡಿ ಸಂಬಂಧ ಮುರಿದ ಸುದ್ದಿ ಹೇಳಿದರು. ಅವಳು, ಅಪರೂಪಕ್ಕೆ ಕನ್ನಡದಲ್ಲಿ, "ಸರಿ ಪಪ್ಪಾ. ನೀವು ಊಟ ಮಾಡಿದ್ರಾ?" ಎಂದಳು.

ತುರ್ಭೆ ದಾಟುವಾಗ ಒಂದು ಫೋನ್ ಬಂತು. ಸುದ್ದಿ ಇನ್ನೂ ಮುಟ್ಟದ ಯಾರೋ, ಐರೋಲಿಯಿಂದ. ಹುಡುಗನ ಬರಿ ಹೇಳಿದರು, ಹುಡುಗಿಯ ಬರಿ ಹೇಳಿದರು, ತಾಯಿಮನೆ ಹೇಳಿದರು. "ಆಗ್ತದಾ ಕಿಟ್ಟಣ್ಣ?"

ಕಿಟ್ಟಣ್ಣ ಕಣ್ಣು ಮುಚ್ಚಿದರು, ಕಿವಿಯ ಹಿಂದೆ ಕೆರೆದುಕೊಂಡರು.

"ಹುಡುಗಿಯ ಸೋದರಮಾವ ಹೇಗೆ ತೀರಿಕೊಂಡದ್ದು?"

"ಎಂತ ಮಾತಾಡ್ತೀರಿ ನೀವು! ಅವರು ಗಟ್ಟಿಮುಟ್ಟಾಗಿ ಇಲ್ಲೇ ನನ್ನ ಪಕ್ಕ ಕೂತು ಚಹಾ ಕುಡೀತಾ ಇದ್ದಾರೆ."

"ಅವರ ಮೊಣಕಾಲು ಊದ್ತದಾ? ಹಲ್ಲು ಕೀಳಿಸಿದ್ದಾರಾ? ಒಮ್ಮೆ ಕೇಳಿ ನೋಡಿ."

ಫೋನ್ ಕಟ್ ಆಯಿತು. ಆ ಮೇಲೆ ಅವರ ಫೋನಿಗೆ ಬರಿ ಕೇಳಿಕೊಂಡು ಬಂದ ಕರೆಗಳನ್ನು ಒಂದು ಕೈಯಲ್ಲಿ ಎಣಿಸಬಹುದು. ಬಂದವರಿಗೂ ಅವರು ಇದೇ ಪ್ರಶ್ನೆಯನ್ನು ಮೊದಲು ಕೇಳುತ್ತಿದ್ದರಂತೆ, ಹಾಗಾಗಿ ಯಾರೂ ಎರಡನೆಯ ಸಲ ಮಾಡಲಿಲ್ಲ.

ಅವತ್ತು ಲೋಕಲ್ ಘಣಸೋಲಿಯಲ್ಲಿ ನಿಂತಿತು. ಕಿಟ್ಟಣ್ಣ ಎದ್ದರು, ಬಾಗಿಲ ತನಕ ಹೋದರು. ಸ್ಟೇಷನ್ನಿನಿಂದ ಹತ್ತು ಹೆಜ್ಜೆ ನಡೆದರೆ ಮಗಳ ಬಿಲ್ಡಿಂಗು. ನಳಿನಾಕ್ಷಿ ಈಗ ಅಲ್ಲೇ ಇರುವುದು. ಮೊನ್ನೆ ಹೋದಾಗ ಪ್ರಣೀತಾ ಬಾಗಿಲಿನ ಸರಪಳಿ ತೆಗೆಯದೆ, ಸಂದಿಯಿಂದ ಅಪ್ಪನ ಕೈಯನ್ನಷ್ಟೇ ನೋಡಿ, "ಟೋಪಿ ತಂದಿದ್ದೀರಾ?" ಎಂದು ಕೇಳಿದ್ದಳು. ಅವರು ತಂದಿರಲಿಲ್ಲ. ಇವತ್ತೂ ರಿಪೋರ್ಟು ಹಿಡಿಯುವ ಗಡಿಬಿಡಿಯಲ್ಲಿ ಅದು ಕಪಾಟಿನಲ್ಲೇ ಉಳಿದಿತ್ತು.

ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಕಿಟ್ಟಣ್ಣ ಇಳಿಯದೆ ಹಿಂದಕ್ಕೆ ಬಂದು ನೋಡಿದರೆ ಕಿಟಕಿಯ ಬಳಿಯ ಜಾಗ ಹೋಗಿತ್ತು. ಠಾಣೆಯ ತನಕ ನಿಂತುಕೊಂಡೇ ಹೋದರು.